ಅಳಿಸಲೊಪ್ಪದ ಜಾಕಿರ್

ಕೆಟ್ಟ ಕಂಪ್ಯೂಟರಿನ ಮುಂದೆ ಕುಳಿತು, ಪರದೆಯ ಮೇಲೆ ಬಂದ ಸಾಲುಗಳನ್ನೆಲ್ಲ ಶಾಲೆಯ ಮಗುವಿನಂತೆ ಗಟ್ಟಿಯಾಗಿ ಓದುವ ಮನುಷ್ಯನೊಬ್ಬ ಚಳ್ಳಕೆರೆಯಲ್ಲಿದ್ದಾನೆಂದು ನಾನು ಮೊದಲು ಕೇಳಿದ್ದು ನೇಕಾರ ಹನುಮಣ್ಣನ ಬಾಯಲ್ಲಿ. ಗಂಡ ತೀರಿಕೊಂಡ ಮೇಲೆ ನಾನು ಮೊಳಕಾಲ್ಮೂರಿನ ನೇಕಾರರ ಸಂಘದ ಕಚೇರಿಯಲ್ಲಿ ಕಸ ಗುಡಿಸಿ, ಚಹಾ ಕಾಸುತ್ತಿದ್ದ ಕಾಲ ಅದು.

"ಓದದೆ ಒಂದು ಗುಂಡಿನೂ ಒತ್ತಲ್ಲ ಕಾಟಮ್ಮಕ್ಕ, ಆ ಜಾಕಿರ್ ಸಾಬ್ರು. ನೋಡೋರಿಗೆ ನಿದ್ದೆ ಬರ್ತೈತೆ" ಎಂದು ಹನುಮಣ್ಣ ನಕ್ಕಿದ್ದ.

ಮುಂದಿನ ವಾರ ನಮ್ಮ ಸಂಘದ ಕಂಪ್ಯೂಟರ್ ನೋಡಲು ಜಾಕಿರ್ ಬಂದ. ಎತ್ತರದ ಆಳು, ಎಡಭುಜ ಮುಂದೆ ಮಾಡಿ, ಗುಂಪಿನಲ್ಲಿ ದಾರಿ ಬಿಡಿಸಿಕೊಳ್ಳುವವನಂತೆ ಬಯಲಲ್ಲೂ ನಡೆಯುತ್ತಿದ್ದ. ಮೈಮೇಲೆ ಅಪ್ಪನ ಪಂಪುಸೆಟ್ ರಿಪೇರಿ ಅಂಗಡಿಯ ಖಾಕಿ ಕೋಟು; ಗ್ರೀಸಿನ ಕಲೆ ಹೋಗದ ಆ ಕೋಟನ್ನು ಕಡುಬೇಸಗೆಯಲ್ಲೂ ಬಿಚ್ಚಿದವನಲ್ಲ. ಯಾರು ಅವಸರ ಮಾಡಿದರೂ, ತಾಳ್ಮೆಯಿರಲೆಂದು ಒಂದೇ ಮಾತು: "ಸಬರ್, ಸಬರ್." ಯಂತ್ರ ಎಷ್ಟೇ ಹದಗೆಟ್ಟಿರಲಿ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣವೆಂದು ಅವನು ಹೇಳಿದ್ದನ್ನು ನಾನು ಕೇಳಿಲ್ಲ. ಹನುಮಣ್ಣ ಕಣ್ಣು ಕಳೆದುಕೊಂಡು ಬಿಡಿಸಿದ ಸೀರೆಯಂಚಿನ ಚಿತ್ತಾರಗಳೆಲ್ಲ ಅದರೊಳಗಿದ್ದವು. ಬೇರೆಲ್ಲೂ ನಕಲು ಇರಲಿಲ್ಲ.

ಆ ವರ್ಷ ಆಯುಧಪೂಜೆ ಶುಕ್ರವಾರ ಬಿತ್ತು. ರಜೆಯ ದಿನ ಫೋನಿನ ತಂತಿ ಖಾಲಿ ಇರುತ್ತದೆಂದು ಜಾಕಿರ್ ಬೆಳಿಗ್ಗೆಯೇ ಬಂದು, ಆ ತಂತಿಯಿಂದಲೇ ಒಳಗಿನ ಸಾಫ್ಟ್‌ವೇರುಗಳನ್ನೆಲ್ಲ ಹೊಸದು ಮಾಡಲು ಹಚ್ಚಿ, "ಅದು ತಾನೇ ಮುಗೀತು ಅನ್ನೋಗಂಟ ಯಾರೂ ಮುಟ್ಟಬ್ಯಾಡ್ರಿ" ಎಂದು ನಮಾಜಿಗೆ ಹೋದ. ಅವನ ಬೆನ್ನು ಮರೆಯಾದದ್ದೇ ತಡ, ಸಂಘದ ಕಾರ್ಯದರ್ಶಿ ಚಿಕ್ಕೀರಪ್ಪ, ಪೂಜೆಗೆ ಕೂತ ಆಯುಧ ದುಡಿಯಬಾರದೆಂದು ಗೋಡೆಯ ಸ್ವಿಚ್ಚನ್ನೇ ಆರಿಸಿ, ಪರದೆಗೆ ವಿಭೂತಿ ಬಳಿದು, ಕುಂಬಳಕಾಯಿ ಒಡೆಸಿದ. ಪೂಜೆ ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಮಗ್ಗಕ್ಕೂ ಅಂದು ಕುಂಕುಮವಿಟ್ಟು ಸುಮ್ಮನಿಡುತ್ತೇವೆ. ಆದರೆ ಮಗ್ಗ ನಿಲ್ಲಿಸುವವನೂ ಲಾಳಿ ಆಚೆ ದಡ ಮುಟ್ಟುವತನಕ ಕಾಯುತ್ತಾನೆ!

ಪೂಜೆಯಾಗಿ ಸ್ವಿಚ್ಚು ಹಾಕಿದರೆ ಚಿತ್ತಾರವೂ ಇಲ್ಲ, ಮತ್ತೊಂದೂ ಇಲ್ಲ; ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಹನುಮಣ್ಣ ತಲೆಯ ಮೇಲೆ ಕೈಹೊತ್ತು ಕೂತ.

"ಹಬ್ಬದ ದಿನ ಬೇಕಂತ್ಲೇ ಕೆಡಿಸ್ಯಾನೆ ಸಾಬಿ. ಇವನು ಹಾಕಿರೋ ಬಿಟ್ಟಿ ಸಾಫ್ಟ್‌ವೇರು ಇನ್ನೇನು ಆಗ್ತೈತೆ? ಎಲ್ಲಾ ಅಳಿಸಿ ಬೇರೆ ಹಾಕ್ಸಾಣ" ಎಂದ ಚಿಕ್ಕೀರಪ್ಪ.

ನನಗೆ ತಡೆಯಲಾಗಲಿಲ್ಲ. "ಸ್ವಿಚ್ ಆರಿಸಿದ್ದು ನೀವಲ್ಲೇನ್ರಿ? ನಾನೇ ಕಣ್ಣಾರೆ ನೋಡೀನಿ."

"ಲೋಟ ತೊಳಿ ಹೋಗು. ಕಂಪ್ಯೂಟರ್ ಕಲಿತು ಬಂದ್ಳು ಇವಳು!"

ಆ ಮಾತು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ನಮಾಜು ಮುಗಿಸಿ ಬಂದ ಜಾಕಿರ್ ಯಾರ ಮೇಲೂ ಹರಿಹಾಯಲಿಲ್ಲ. ವಿಭೂತಿ ಅಳಿಸದಂತೆ ಬೆರಳು ಸರಿಸುತ್ತ ಸಾಲುಸಾಲಾಗಿ ಓದಿದ. "ಹೊಸದು ಪೂರಾ ಒಳಗೂ ಬಂದಿಲ್ಲ, ಹೊರಗೂ ಹೋಗಿಲ್ಲಮ್ಮ, ಬಾಗಿಲಾಗೆ ನಿಂತ್ಕಂಡೈತೆ. ಹಿಂದೆ ಬರೋರಿಗೂ ದಾರಿ ಬಿಡಂಗಿಲ್ಲ" ಎಂದ. ಅರ್ಧಕ್ಕೆ ನಿಂತ ಕೆಲಸ ತನಗೆ ತಾನೇ ಹಾಕಿಕೊಂಡಿದ್ದ ಬೀಗವನ್ನು ತೆಗೆದ. ತುಂಡಾಗಿ ಬಂದಿದ್ದನ್ನು ಎಸೆದು ಮತ್ತೆ ತರಿಸಿದ. ಒಂದು ಸಾಫ್ಟ್‌ವೇರು ಕೂರಬೇಕಾದರೆ ಇನ್ನೊಂದು ಬೇಕೆಂದು ಯಂತ್ರ ಹಟ ಹಿಡಿದಾಗ ಆ ಇನ್ನೊಂದನ್ನು ಹುಡುಕಿದ. ಪಕ್ಕದಲ್ಲಿ ಚಿಕ್ಕೀರಪ್ಪ ಅಳಿಸು ಅಳಿಸು ಎನ್ನುತ್ತಲೇ ಇದ್ದ. ಸಂಜೆ ಹೊತ್ತಿಗೆ ಪರದೆಯ ಮೇಲೆ ಹನುಮಣ್ಣನ ನವಿಲುಗಳು ಒಂದೊಂದಾಗಿ ಬಂದು ನಿಂತವು. ಹನುಮಣ್ಣ ಜಾಕಿರನ ಕೋಟಿನ ತೋಳು ಹಿಡಿದುಕೊಂಡ.

ಚಿಕ್ಕೀರಪ್ಪ ಹೇಳಿದ್ದೇನು ಗೊತ್ತೇ? "ತಾನೇ ಕೆಡಿಸಿದ, ತಾನೇ ಸರಿ ಮಾಡ್ದ. ಇನ್ಮೇಲೆ ಇವನು ಬ್ಯಾಡ."

ಪೂಜೆಗೆ ಸೇರಿದ್ದ ಸಂಘದವರೂ ಹೌದೆಂದು ತಲೆಯಾಡಿಸಿದರು. ಲೋಕದ ನ್ಯಾಯವೇ ಇಂಥದ್ದು. ಕೆಟ್ಟಿದ್ದನ್ನು ಬಿಸಾಡುವವನು ಜಾಣನೆನಿಸಿಕೊಳ್ಳುತ್ತಾನೆ. ಕೆಟ್ಟಿದ್ದರ ಪಕ್ಕ ಕುಳಿತು, ಎಲ್ಲಿ ನೋಯುತ್ತಿದೆಯೆಂದು ಅದನ್ನೇ ಕೇಳುವ ತಾಳ್ಮೆಯವರ ಕೈಯಲ್ಲಿ ಕೆಲಸ ಕಂಡದ್ದರಿಂದ, ಕೇಡೂ ಅವರದೇ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಅಂಥವರು ವಾದಕ್ಕೆ ನಿಲ್ಲುವುದಿಲ್ಲ. ಅದಕ್ಕೇ ಪ್ರತಿ ಸಲವೂ ಸೋಲುತ್ತಾರೆ.

ಬಸ್ಸು ಹತ್ತುವ ಮುಂಚೆ ಜಾಕಿರ್ ನನ್ನನ್ನು ಬೇಡಿಕೊಂಡದ್ದು ಒಂದೇ, ಅದೂ ತನಗಾಗಿಯಲ್ಲ: "ಅಮ್ಮ, ಇನ್ನು ನನ್ನ ಕಡೆ ಮಾತಾಡಬ್ಯಾಡ್ರಿ. ನಿಮ್ಮ ಕೆಲಸ ಹೋಗ್ತೈತೆ."