ಎಡಗಡೆಯ ದೀಪ

ಎಡಗಡೆಯ ದೀಪ ಹತ್ತಿಲ್ಲ ಎಂದು ತಾತ್ಯಾಸಾಹೇಬರು ಜೀಪಿನ ಒಳಗಿನಿಂದ ಹೇಳಿದಾಗ ಅವರ ಮಗ ನೇಮಿನಾಥನ ಅಂಗೈ ಅದೇ ದೀಪದ ಮುಂದಿತ್ತು. ಬೆರಳುಗಳ ಸಂದಿನಿಂದ ಹಾದ ಬೆಳಕು ಎದುರಿನ ಜೋಳದ ಕಣಕಿಯ ಬಣವೆಯ ಮೇಲೆ ಗೆರೆ ಗೆರೆಯಾಗಿ ಬಿದ್ದಿತ್ತು.

“ಹತ್ತೇತ್ರಿ ಅಪ್ಪಾ. ಕೈ ಸುಡಾಕತ್ತೈತಿ.”

“ಕೈ ಸುಟ್ರೇನ್ ಬಂತು, ಬೆಳಕ ಬೀಳಬೇಕಲ್ಲ. ಬಲಗಡೀದು ಹಾಲ ಚೆಲ್ಲಿಧಂಗ ಐತಿ. ಎಡಗಡೀದು ಸತ್ತೈತಿ.”

ನೇಮಿನಾಥ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಇದೇ ಮಾತು ನಿನ್ನೆಯೂ ಆಗಿತ್ತು, ಮೊನ್ನೆಯೂ ಆಗಿತ್ತು.

ಅದು 1991ರ ಡಿಸೆಂಬರ್. ಸಕ್ಕರೆ ಕಾರ್ಖಾನೆಗಳು ಶುರುವಾಗಿ ರಾಯಬಾಗದ ಕಡೆಯ ರಸ್ತೆಗಳಲ್ಲೆಲ್ಲ ಕಬ್ಬಿನ ಚಕ್ಕಡಿಗಳ ಸಾಲು. ಚಕ್ಕಡಿಗಳಿಗೆ ಹಿಂದೆ ದೀಪವಿರುವುದಿಲ್ಲ. ದೀಪಾವಳಿಯ ನಂತರ ತಾತ್ಯಾಸಾಹೇಬರು ಕಬ್ಬೂರಿನ ಹತ್ತಿರ ಅಂಥದೊಂದು ಚಕ್ಕಡಿಗೆ ಜೀಪಿನ ಮಡ್ಗಾರ್ಡ್ ಉಜ್ಜಿಸಿದ್ದರು. ಆಮೇಲೆ ರಸ್ತೆಯ ಒಂದು ಮೋರಿಯ ಕಲ್ಲಿಗೆ ತಾಗಿಸಿದರು. ಅದಾದ ಮೇಲೆ, ಮುಗಳಖೋಡದ ಹೊರಗಿರುವ ತಮ್ಮ ತೋಟದ ಮನೆಯ ಗೇಟಿನ ಕಂಬಕ್ಕೇ ತಾಗಿಸಿದರು. ಆ ಕಂಬ ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು.

ಅವರ ವಯಸ್ಸು ಅರವತ್ತಾರು. ಇನ್ನು ಜೀಪು ಹೊಡೆಯುವುದು ಸಾಕು ಎಂದು ನೇಮಿನಾಥ ಹೇಳಿದ. ತಂಬಾಕು ತುಂಬಿದ ಟ್ರಕ್ಕನ್ನು ನಿಪ್ಪಾಣಿಯ ಪೇಟೆಗೆ ತಾವೇ ಹೊಡೆದುಕೊಂಡು ಹೋಗುತ್ತಿದ್ದ ಮನುಷ್ಯ ಅವರು. ಈ ಮಾತಿಗೆ ಎರಡು ದಿನ ಮಗನೊಡನೆ ಮಾತು ಬಿಟ್ಟರು. ಕಣ್ಣಿನ ಸಂಶಯವೂ ಬಂದಿತ್ತು. ಆದರೆ ಚಿಕ್ಕೋಡಿಯ ಚಶ್ಮಾ ಅಂಗಡಿಯಲ್ಲಿ ಅವರು ಹಲಗೆಯ ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ತಡವರಿಸದೆ ಓದಿ, ಅಂಗಡಿಯವನ ಮುಂದೆಯೇ ಮಗನ ಕಡೆ ತಿರುಗಿ ನಕ್ಕಿದ್ದರು. ದೋಷ ಕಣ್ಣಿನದಲ್ಲ, ಜೀಪಿನ ಮಂದ ಬಲ್ಬಿನದು ಎಂಬುದು ಅವರ ವಾದ. ಕೊನೆಗೆ ಒಂದು ಕರಾರಾಯಿತು. ಬಂಪರಿಗೆ ಎರಡು ದೊಡ್ಡ ಹೆಚ್ಚುವರಿ ದೀಪ ಹಾಕಿಸುವುದು. ಆಮೇಲೂ ಜೀಪು ಎಲ್ಲಿಯಾದರೂ ತಾಗಿದರೆ ಕೀಲಿಕೈ ಮಗನಿಗೆ.

ದೀಪಗಳನ್ನು ಕೊಲ್ಹಾಪುರದಿಂದ ತಂದರು. ಮುಗಳಖೋಡದಲ್ಲಿ ಮೋಟಾರು ಕಟ್ಟುವ, ಟ್ರ್ಯಾಕ್ಟರಿನ ದೀಪ ನೋಡುವ ಮಾಳಸಿದ್ದ ಬಂದು ಅರ್ಧ ತಾಸಿನಲ್ಲಿ ಜೋಡಿಸಿ ಹೋದ. ಹಳೆಯ ಹೆಡ್‌ಲೈಟಿನ ವಾಯರು ಕೆರೆದು, ಅದಕ್ಕೇ ಹೊಸ ವಾಯರು ಹೊಸೆದು, ಮೇಲೆ ಟೇಪು ಸುತ್ತಿದ್ದ. ಮರುದಿನ ಸಂಜೆ ನೇಮಿನಾಥ ರಾಯಬಾಗದಿಂದ ಜೀಪು ಹೊಡೆದುಕೊಂಡು ಬರುವಾಗ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸುಟ್ಟ ವಾಸನೆ ಬಂತು. ನಿಲ್ಲಿಸಿ ಬ್ಯಾಟರಿಯ ತಂತಿ ಕಿತ್ತು, ಕೆಳಗೆ ಕೈ ಹಾಕಿ ನೋಡಿದ. ವಾಯರಿನ ಮೇಲಿನ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು.

“ನಾ ಎಷ್ಟೋ ವರ್ಷದಿಂದ ಹಿಂಗ ಹಾಕಾಕತ್ತೀನ್ರಿ ಸಾವಕಾರ್ರ, ಯಾರ್ದೂ ಸುಟ್ಟಿಲ್ಲ,” ಎಂದ ಮಾಳಸಿದ್ದ.

“ನಮ್ದು ಸುಟ್ತಲ್ಲೋ,” ಎಂದ ನೇಮಿನಾಥ.

“ನಿಮ್ಮ ಬಲ್ಬ್ ದೊಡ್ಡೂರಿ.”

“ಬಲ್ಬ್ ದೊಡ್ಡೂ ಅಂತ ನಿನಗ ಹಾಕೂಮುಂದ ಕಾಣಲಿಲ್ಲೇನು?”

ಲೆಕ್ಕ ಕಷ್ಟದ್ದಾಗಿರಲಿಲ್ಲ. ನೂರು ವ್ಯಾಟಿನ ಎರಡು ಬಲ್ಬುಗಳು ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಸುಮಾರು ಹದಿನೇಳು ಆಂಪಿಯರ್ ಕರೆಂಟು ಎಳೆಯುತ್ತವೆ. ಅಷ್ಟನ್ನು ತಾಳುವ ಶಕ್ತಿ ಹಳೆಯ ಸ್ವಿಚ್ಚಿಗೂ ಇರಲಿಲ್ಲ, ಅದರ ಸಣ್ಣ ವಾಯರಿಗೂ ಇರಲಿಲ್ಲ. ನಡುವೆ ಫ್ಯೂಜಂತೂ ಇರಲೇ ಇಲ್ಲ. ನೇಮಿನಾಥ ಎಲ್ಲವನ್ನೂ ಬಿಚ್ಚಿಸಿ ಹೊಸದಾಗಿ ಶುರುಮಾಡಿದ. ಬ್ಯಾಟರಿಯಿಂದ ದಪ್ಪ ವಾಯರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಜು, ಮುಂದೆ ರಿಲೇ. ಒಳಗಿನ ಸ್ವಿಚ್ಚು ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಮಾಡುತ್ತದೆ. ದೀಪದ ಕರೆಂಟು ಸ್ವಿಚ್ಚಿನ ಹತ್ತಿರವೂ ಬರುವುದಿಲ್ಲ. ತಗಡಿನ ತೂತಿನಲ್ಲಿ ವಾಯರು ಹಾಯುವಲ್ಲಿ ಉಜ್ಜಿ ಹರಿಯದಂತೆ ರಬ್ಬರಿನ ಬಳೆ ಕೂಡಿಸಿದ.

ತಾತ್ಯಾಸಾಹೇಬರು ಖುರ್ಚಿ ಹಾಕಿಕೊಂಡು ಕುಳಿತು ಪ್ರತಿಯೊಂದಕ್ಕೂ ತಕರಾರು ತೆಗೆದರು.

“ಫ್ಯೂಜ್ ಯಾಕ? ನಡು ದಾರ್‍ಯಾಗ ಹೋತಂದ್ರ ಕತ್ತಲಾಗತೈತಿ.”

“ಫ್ಯೂಜ್ ಇಲ್ಲಂದ್ರ ಬೆಂಕಿ ಹತ್ತತೈತ್ರಿ ಅಪ್ಪಾ.”

“ಹತ್ತಲಿ. ಬೆಳಕಾರ ಬೀಳತೈತಿ.”

ಕೆಲಸ ಒಂದೇ ದಿನಕ್ಕೆ ಮುಗಿಯುವಂಥದಾಗಿದ್ದರೂ ಮುಗಿಯಲಿಲ್ಲ. ಹೊಲದ ಕೆಲಸ ಬಿಟ್ಟು ನೇಮಿನಾಥ ಜೀಪಿನ ಕೆಳಗೆ ಸೇರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ತಾಯಿ ತಾರಾಬಾಯಿ ಕಟ್ಟೆಯ ಮೇಲೆ ನಿಂತು, “ಏ ನೇಮು, ಹೊತ್ತು ನಿನ್ನ ವಾಯರ್ ಸಲುವಾಗಿ ನಿಂದರಾಂಗಿಲ್ಲೋ,” ಎಂದು ಕೂಗಿದರೆ ಏಳಲೇಬೇಕು. ಅವರಿಗೆ ಈ ದೀಪಗಳೇ ಬೇಡವಾಗಿದ್ದವು. ಅಷ್ಟು ಬೆಳಕಿಗೆ ಎಷ್ಟು ಹುಳ ಬಂದು ಬಡಿದು ಸಾಯುತ್ತವೆಂದು ಲೆಕ್ಕ ಇಟ್ಟವರಾರು ಎಂದು ಕೇಳಿದ್ದರು.

ಅಂತೂ ಕೆಲಸ ಮುಗಿಯಿತು. ಊಟವಾಗಿ ಕತ್ತಲಾಗುವ ಹೊತ್ತಿಗೆ ದೀಪ ಹಾಕಿ ನೋಡಿದರೆ ತಾತ್ಯಾಸಾಹೇಬರ ಈ ಮಾತು: ಎಡಗಡೆಯದು ಹತ್ತಿಲ್ಲ.

ಮೊದಲನೆಯ ಸಂಜೆ ನೇಮಿನಾಥ ಅದನ್ನು ಅರ್ಥಿಂಗಿನ ದೋಷವೆಂದುಕೊಂಡ. ಬಂಪರಿನ ಬಣ್ಣ ಕೆರೆದು, ತಗಡು ಹೊಳೆಯುವಂತೆ ತಿಕ್ಕಿ ಬೋಲ್ಟು ಬಿಗಿದ. ಎಡಗಡೆಯದು ಹತ್ತಿಲ್ಲವೆಂದರು. ಎರಡನೆಯ ಸಂಜೆ ಬಲಗಡೆಯ ಬಲ್ಬು ಎಡಕ್ಕೆ, ಎಡಗಡೆಯದು ಬಲಕ್ಕೆ ಹಾಕಿದ. ಎಡಗಡೆಯದು ಹತ್ತಿಲ್ಲವೆಂದರು. ಬಣವೆಯ ಮೇಲೆ ಎರಡು ಬೆಳಕಿನ ವೃತ್ತಗಳು ಒಂದೇ ಅಳತೆಯಲ್ಲಿ ನೇಮಿನಾಥನಿಗೆ ಕಾಣುತ್ತಿದ್ದವು. ಆದರೆ ಅಪ್ಪ ಅವನನ್ನು ಕಾಡಿಸಲು ಹಾಗೆ ಹೇಳುವವರಲ್ಲ. ಹಟ ಮಾಡುತ್ತಾರೆ, ಸುಳ್ಳು ಹೇಳುವುದಿಲ್ಲ. ಡ್ರೈವರನ ಜಾಗದಿಂದ ನೋಡಿದರೆ ಬೇರೆ ಕಾಣಬಹುದೆಂದು ತಾನೂ ಹೋಗಿ ಕುಳಿತು ನೋಡಿದ. ಎರಡೂ ಹತ್ತಿದ್ದವು.

ಹೀಗಾಗಿ ಈ ಮೂರನೆಯ ಸಂಜೆ ಮಾಳಸಿದ್ದನೂ ಬಂದಿದ್ದ. ತಾತ್ಯಾಸಾಹೇಬರ ಮುಂದೆಯೇ ಎರಡೂ ದೀಪಗಳನ್ನು ಬುಡಸಹಿತ ಬಿಚ್ಚಿ, ಆಚೆಯದನ್ನು ಈಚೆಗೆ ಬದಲಿಸಿ ಕೂಡಿಸಿದ. ಟೆಸ್ಟ್ ಲ್ಯಾಂಪು ಹಿಡಿದು ಎರಡೂ ಕಡೆ ಕರೆಂಟು ತೋರಿಸಿದ.

“ಈಗ ನೋಡ್ರಿ ತಾತ್ಯಾ.”

“ಬಲಗಡೀದು ಬೇಷ್ ಐತಿ.”

“ಅದು ನಿನ್ನೀ ಎಡಗಡೀದೇ ಐತ್ರಿ.”

“ಹೌದು? ಹಂಗಾರ ಅದು ಈಗ ದುರಸ್ತ ಆತು. ಎಡಗಡೀದ ನೋಡು, ಅದು ಹತ್ತಿಲ್ಲ.”

ಮಾಳಸಿದ್ದ ಟೆಸ್ಟ್ ಲ್ಯಾಂಪಿನ ವಾಯರು ಸುತ್ತಿ ಕಿಸೆಯಲ್ಲಿಟ್ಟುಕೊಂಡ. “ಸಾವಕಾರ್ರ,” ಎಂದ ನೇಮಿನಾಥನಿಗೆ, “ಬಂಪರದ ಎಡಗಡಿ ಹೋದಕೂಡ್ಲೇ ದೀಪ ಸಾಯತಾವಂದ್ರ ಅದು ನನ್ನ ಕಡೆ ದುರಸ್ತ ಆಗಾಂಗಿಲ್ರಿ. ಬ್ಯಾರೆ ಜೀಪ್ ತಗೋರಿ.” ಸೈಕಲ್ ಹತ್ತಿ ಹೊರಟುಹೋದ.

ಮರುದಿನ ಸಂಜೆಯ ಊಟಕ್ಕೆ ಅಪ್ಪ ಮಗ ಎದುರುಬದುರು ಕುಳಿತಿದ್ದರು. ಹೊರಗೆ ಇನ್ನೂ ಬಿಸಿಲಿತ್ತು. ನೇಮಿನಾಥನ ಹೆಂಡತಿ ರಾಜಮತಿ ಬಡಿಸುತ್ತಿದ್ದಳು. ರೊಟ್ಟಿ ನಡುವೆ, ಪಲ್ಯ ಬಲಕ್ಕೆ, ಉಪ್ಪು, ಲಿಂಬೆಹೋಳು, ಗುರೆಳ್ಳು ಚಟ್ನಿ ಎಡಕ್ಕೆ. ಮನೆಯಲ್ಲಿ ತಾಟು ಬಡಿಸುವ ರೀತಿ ಅದೇ.

“ಚಟ್ನಿ ತೀರೇತೇನು?” ಎಂದರು ತಾತ್ಯಾಸಾಹೇಬರು.

ರಾಜಮತಿ ಉತ್ತರ ಕೊಡುವ ಮೊದಲು ಉಸಿರು ಬಿಟ್ಟಳು. ಈ ತಕರಾರು ದೀಪಕ್ಕಿಂತ ಹಳೆಯದು. ಚಟ್ನಿ ಹಾಕಿಲ್ಲ, ಉಪ್ಪು ಇಟ್ಟಿಲ್ಲ ಎಂದು ಅವರು ಕೇಳುವುದು, ಹಾಕಿದ್ದೇನೆಂದು ಅವಳು ಹೇಳುವುದು, ಅವರು ತಾಟಿನ ಕಡೆ ಬಗ್ಗಿ ನೋಡಿ, “ಹಾಂ, ಈಗ ಹಾಕೀದಿ,” ಎನ್ನುವುದು. ಸೊಸೆ ಮರೆಯುತ್ತಾಳೆ, ಮೇಲೆ ವಾದ ಮಾಡುತ್ತಾಳೆ ಎಂದು ಬೀಗರ ಮುಂದೆ ಹೇಳಿದ್ದೂ ಆಗಿತ್ತು.

“ಹಾಕೀನ್ರಿ ಮಾಮಾ.”

“ಎಲ್ಲಿ ಹಾಕೀದಿ?”

“ತಾಟಿನ್ಯಾಗ ಹಾಕೀನ್ರಿ. ಮತ್ತೆಲ್ಲಿ ಹಾಕ್ಲಿ?”

“ನೋಡ ನೇಮು, ಹೆಂಗ ಮಾತಾಡ್ತಾಳ.”

ರಾಜಮತಿ ಬಗ್ಗಿ, ತಾಟಿನ ಅಂಚು ಹಿಡಿದು, ಅದನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಳು.

“ಹಾಂ. ಈಗ ಹಾಕೀದಿ ನೋಡು,” ಎಂದು ತಾತ್ಯಾಸಾಹೇಬರು ಬಲಕ್ಕೆ ಬಂದ ಚಟ್ನಿಗೆ ರೊಟ್ಟಿ ಹಚ್ಚಿಕೊಂಡರು. ಒಂದು ತುತ್ತು ತಿಂದರು. ಎರಡನೆಯ ತುತ್ತಿಗೆ ಕೈ ತಡೆಯಿತು.

“ಪಲ್ಯಾ ಯಾಕ ತಗದಿ?”

ಪಲ್ಯ ಅವರ ಎಡಗಡೆಗಿತ್ತು. ನೇಮಿನಾಥನ ಕೈಯೊಳಗಿನ ರೊಟ್ಟಿಯ ಚೂರು ಅಲ್ಲೇ ನಿಂತಿತು. ಅವನು ಹೆಂಡತಿಯನ್ನು ನೋಡಿದ. ಅವಳು ತಾಟನ್ನು ನೋಡುತ್ತಿದ್ದಳು. ಮಡ್ಗಾರ್ಡಿನ ಮೂರೂ ಗೀರುಗಳು ಎಡಗಡೆಯವೇ ಎಂಬುದು ಅವನಿಗೆ ಆಗ ನೆನಪಾಯಿತು. ದಿನಾ ಕಣ್ಣ ಮುಂದಿದ್ದ ಸಂಗತಿ ಅದು.

ಕತ್ತಲಾಗುವಾಗ ಅವನು ಅಪ್ಪನನ್ನು ಮತ್ತೆ ಜೀಪಿನಲ್ಲಿ ಕೂರಿಸಿ ದೀಪ ಹಾಕಿದ.

“ಎಡಗಡೀದು?”

“ಹತ್ತಿಲ್ಲ.”

“ತಲಿ ಎಡಕ್ಕ ಹೊಳ್ಳಿಸಿ ನೋಡ್ರಿ.”

ತಾತ್ಯಾಸಾಹೇಬರು ಹೊಳ್ಳಿ ನೋಡಿದರು. “ಈಗ ಹತ್ತೇತಿ,” ಎಂದರು. “ನಾ ಹೇಳಿರ್ಲಿಲ್ಲ? ಲೂಸ್ ಕನೆಕ್ಷನ್ ಐತಿ.”

ನೇಮಿನಾಥ ಬಂಪರಿನ ಮೇಲೆ ಕುಳಿತುಬಿಟ್ಟ.

ಮಿರಜಿಗೆ ಕಣ್ಣಿನ ಡಾಕ್ಟರರ ಹತ್ತಿರ ಹೋಗಲು ಅವರನ್ನು ಒಪ್ಪಿಸುವಷ್ಟರಲ್ಲಿ ಒಂದು ವಾರ ಹೋಯಿತು. ಕೊನೆಗೆ ತಾರಾಬಾಯಿ, “ನನ್ನ ಮಂಡಿ ತೋರಸೂದೈತಿ, ನೀವೂ ಬರ್ರಿ,” ಎಂದು ಹೊರಡಿಸಿದರು. ನೇಮಿನಾಥ ಜೀಪು ಹೊಡೆದ. ಡಾಕ್ಟರು ಅಕ್ಷರದ ಹಲಗೆ ಓದಿಸಿ ಅಷ್ಟಕ್ಕೇ ಬಿಡಲಿಲ್ಲ. ಕಣ್ಣಿನ ಒಳಗಿನ ಒತ್ತಡ ಅಳೆದರು. ಎದುರಿಗೆ ನೆಟ್ಟಗೆ ನೋಡಿರೆಂದು ಹೇಳಿ, ಬೆರಳನ್ನು ಪಕ್ಕದಿಂದ ನಿಧಾನವಾಗಿ ತಂದು ಯಾವಾಗ ಕಾಣುತ್ತದೆಂದು ಕೇಳಿದರು. ಎಡಗಡೆಯಿಂದ ತಂದ ಬೆರಳು ಮೂಗಿನ ಎದುರಿಗೆ ಬರುವವರೆಗೂ ತಾತ್ಯಾಸಾಹೇಬರು ಏನೂ ಹೇಳಲಿಲ್ಲ.

ಅದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಅಲ್ಲ; ಕಾಚಬಿಂದು, ಗ್ಲಾಕೋಮಾ ಎಂದರು ಡಾಕ್ಟರು. ಒತ್ತಡ ಹೆಚ್ಚಿ ಒಳಗಿನ ನರ ಸಾಯುತ್ತದೆ. ನೋವಿರುವುದಿಲ್ಲ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುತ್ತದೆ, ಅಂಚು ಹೋಗುತ್ತ ಬರುತ್ತದೆ. ಹೋದದ್ದು ಕಳೆದುಕೊಂಡವನಿಗೇ ಗೊತ್ತಾಗುವುದಿಲ್ಲ. ಇವರ ಎಡಗಣ್ಣು ಬಹುತೇಕ ಹೋಗಿದೆ. ಬಲಗಣ್ಣಿನಲ್ಲೂ ಎಡಬದಿಯ ನೋಟವಿಲ್ಲ. ಹೋದದ್ದು ಬರುವುದಿಲ್ಲ. ದಿನಾ ಹನಿ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಗಾಡಿ ಹೊಡೆಯಬಾರದು.

ತಾತ್ಯಾಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು, “ದೊಡ್ಡ ದೀಪ ಹಾಕಿಸೀವ್ರಿ,” ಎಂದು ಡಾಕ್ಟರರಿಗೆ ತಿಳಿಸಿದರು.

ತಿರುಗಿ ಬರುವಾಗ ಕಾಗವಾಡ ದಾಟಿ ಒಂದು ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿದರು. ಹೊತ್ತು ಮುಳುಗುವ ಮೊದಲು ಕಟ್ಟಿಕೊಂಡು ಬಂದ ಬುತ್ತಿ ಉಣ್ಣಬೇಕಿತ್ತು. ಉಂಡಾದ ಮೇಲೆ ನೇಮಿನಾಥ ಡಬ್ಬಿ ತೊಳೆದುಕೊಂಡು ಬರುವಷ್ಟರಲ್ಲಿ ತಾತ್ಯಾಸಾಹೇಬರು ಸ್ಟೇರಿಂಗಿನ ಮುಂದೆ ಕುಳಿತಿದ್ದರು. ಕೀಲಿಕೈ ಅವರ ಕೈಯಲ್ಲಿತ್ತು.

“ಅಪ್ಪಾ, ಡಾಕ್ಟರ್ ಏನ್ ಹೇಳ್ಯಾರ?”

“ಡಾಕ್ಟರ್ ಮಾತು ಬ್ಯಾರೆ. ನಮ್ಮ ಕರಾರು ಏನಿತ್ತು? ದೀಪ ಹಾಕಿದಮ್ಯಾಲ ತಾಗಸಿದ್ರ ಕೀಲಿಕೈ ಕೊಡೂದು. ನಾ ಎಲ್ಲಿ ತಾಗಸೀನಿ?”

“ನೀವು ಹೊಡದೇ ಇಲ್ಲಲ್ರಿ.”

“ಹಂಗಾರ ತಾಗಸಿಲ್ಲ ಅಂದಂಗಾತು.”

ಹಿಂದೆ ಕುಳಿತಿದ್ದ ತಾರಾಬಾಯಿ, “ಇಬ್ಬರೂ ಇಲ್ಲೇ ವಾದಾ ಮಾಡ್ರಿ, ನಾ ಬಸ್ಸಿಗೆ ಹೊಕ್ಕೀನಿ,” ಎಂದರು. ಆದರೆ ಇಳಿಯಲಿಲ್ಲ.

ತಾತ್ಯಾಸಾಹೇಬರು ಎಂಜಿನ್ ಚಾಲು ಮಾಡಿದರು. ನೇಮಿನಾಥ ಬಂಪರಿನ ಮುಂದೆ ಬಂದು ನಿಂತ. ಅಪ್ಪ ಗೇರು ಹಾಕಿದರೆ ತಾನು ಸರಿಯುವುದಿಲ್ಲವೆಂದು ಅವನ ನಿಲುವಿನಲ್ಲೇ ಇತ್ತು. ಅವರು ಗೇರು ಹಾಕಲಿಲ್ಲ. ದೀಪದ ಸ್ವಿಚ್ಚು ಒತ್ತಿದರು. ಮುಂದಿನ ಕಬ್ಬಿನ ಬೆಳೆಯ ಮೇಲೆ ಬೆಳಕು ಬಿತ್ತು. ಅದನ್ನೇ ನೋಡುತ್ತ, “ಎಡಗಡೀದು ಹತ್ತೇತೇನೋ?” ಎಂದರು.

ಇಷ್ಟು ದಿನ ಅವರು ಹತ್ತಿಲ್ಲ ಎಂದು ಹೇಳಿದ್ದರೇ ಹೊರತು ಕೇಳಿರಲಿಲ್ಲ.

“ಹತ್ತೇತ್ರಿ.”

ಆ ಹೊತ್ತಿಗೆ ಎತ್ತಿನ ಕೊರಳ ಗಂಟೆ ಕೇಳಿತು. ತಾತ್ಯಾಸಾಹೇಬರು ಎದುರಿಗೇ ನೋಡುತ್ತಿದ್ದರು. ಗಂಟೆ ಹತ್ತಿರವಾಯಿತು. ಅವರು ಬಲಕ್ಕೆ ನೋಡಿದರು, ಯಾರೂ ಇರಲಿಲ್ಲ. ಆಮೇಲೆ ಇಡೀ ತಲೆ ಎಡಕ್ಕೆ ಹೊಳ್ಳಿಸಿದರು. ಹೊಲದ ದಾರಿಯಿಂದ ಬಂದ ಕಬ್ಬಿನ ಚಕ್ಕಡಿ, ಮಾಳಿಗೆಯಷ್ಟು ಎತ್ತರದ ಹೇರು, ಜೀಪಿನ ಎಡಬದಿಗೆ ಕೈ ಚಾಚಿದರೆ ಸಿಗುವಷ್ಟು ಸಮೀಪದಲ್ಲಿ ಹಾಯುತ್ತಿತ್ತು. ಚಕ್ಕಡಿಯವನು ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ ಬೈಯುತ್ತ ಹೋದ.

ತಾತ್ಯಾಸಾಹೇಬರು ಜೀಪಿನಿಂದ ಇಳಿದರು. ಬಂಪರು ಹಿಡಿದುಕೊಂಡು ಮುಂದಿನಿಂದ ಸುತ್ತಿ ಬಂದು, ಎಡಗಡೆಯ ದೀಪದ ಮುಂದೆ ನಿಂತು, ಅಂಗೈ ಒಡ್ಡಿದರು. ಕೈ ಬಿಸಿಯಾಗುವವರೆಗೂ ಅಲ್ಲೇ ಹಿಡಿದಿದ್ದರು. ನಂತರ ಹೋಗಿ ಎಡಗಡೆಯ ಸೀಟಿನಲ್ಲಿ ಕುಳಿತರು. ಕೀಲಿಕೈ ಜೀಪಿನಲ್ಲೇ ಇತ್ತು, ಎಂಜಿನ್ ನಡೆದೇ ಇತ್ತು.

ನೇಮಿನಾಥ ಹತ್ತಿ ಕುಳಿತು ಗೇರು ಹಾಕಿದ. ಉಗಾರ ಬಂತು. ಅಲ್ಲಿಂದ ಮುಂದೆ ಚಕ್ಕಡಿಗಳ ಸಾಲು ಶುರುವಾಯಿತು.

“ಸಾವಕಾಶ ಹೊಡಿ,” ಎಂದರು ತಾತ್ಯಾಸಾಹೇಬರು. “ಬಲಗಡಿ ಟ್ರ್ಯಾಕ್ಟರ್ ಬರಾಕತ್ತೈತಿ.”

“ಕಂಡೈತ್ರಿ.”

“ಕಂಡಿದ್ರ ದೀಪ ಇಳಸು. ಎದುರಿನಂವ ಕಣ್ಣ ಕಳಕೊಳ್ಳಬೇಕೇನು?” ನೇಮಿನಾಥ ದೊಡ್ಡ ದೀಪ ಆರಿಸಿದ. ಟ್ರ್ಯಾಕ್ಟರು ದಾಟಿದ ಮೇಲೆ ಮತ್ತೆ ಹಾಕಿದ.

“ಬಲಗಡೀದು ನಾ ಹೇಳ್ತೀನಿ,” ಎಂದರು ಅವರು. “ಎಡಗಡೀದು ನೀ ನೋಡ್ಕೋ.”