ಪರದೆಯ ಮೇಲಿನ ರೇಣವ್ವ

"ಏ ಮುದುಕಿ, ಕೈಗೆ ಲಕ್ವಾ ಹೊಡದೈತೇನ ಬೇ? ನಿನ್ನ ಹೆಣಾ ಎತ್ಲಿ, ಕಡ್ಡಿ ಹ್ವಾತು ನೋಡ ಅಲ್ಲಿ!"

ಸೂಪರ್‌ವೈಜರ್ ರಾಜಾರಾಮ ಹೀಗೆ ಬಾಯಿ ತೆರೆದರೆ ನಮ್ಮ ದಿನ ಶುರುವಾದಂತೆ. ತಿಕೋಟಾ ರಸ್ತೆಯ ಒಣದ್ರಾಕ್ಷಿ ಕಾರ್ಖಾನೆಯಲ್ಲಿ ನಾವು ಹೆಂಗಸರು ಬೆಲ್ಟಿನ ಎರಡೂ ಬದಿಗೆ ನಿಂತು, ಹರಿದು ಬರುವ ದ್ರಾಕ್ಷಿಯೊಳಗಿನ ಕಡ್ಡಿ, ಹರಳು ಆರಿಸುತ್ತೇವೆ. ಬೈಸಿಕೊಂಡವಳು ಸಾರವಾಡದ ರೇಣವ್ವ. ಈ ಬೆಲ್ಟಿನ ಮುಂದೆಯೇ ಅವಳ ಬೆರಳಿನ ಗಂಟುಗಳು ಬಾತುಕೊಂಡವು.

"ತಗೀತೇನ್ರಿ ಸಾಹೇಬ್ರ," ಎಂದಳು, ತಲೆ ಎತ್ತದೆ.

ಅದೇ ವಾರ ಪುಣೆಯಿಂದ ಒಬ್ಬ ಇಂಜಿನಿಯರ್ ಬಂದ. ಕಂಪ್ಯೂಟರಿನೊಳಗೆ ನಮ್ಮ ಕಾರ್ಖಾನೆಯದೇ ಒಂದು ಅವಳಿ ಕಟ್ಟುತ್ತಾರಂತೆ. ಅದರಲ್ಲಿ ಇದೇ ಬೆಲ್ಟು, ಅದನ್ನು ತಿರುಗಿಸುವ ಇದೇ ಉರುಳಿ, ನಾವೂ ಇರುತ್ತೇವಂತೆ. ಇಲ್ಲಿ ಏನೇ ಬದಲಾಯಿಸುವುದಿದ್ದರೂ ಮೊದಲು ಅಲ್ಲಿ ಓಡಿಸಿ ನೋಡುವುದಂತೆ. ಅಳತೆಗೆಂದು ನಮ್ಮ ಬಲಗೈಗೆ ಒಂದೊಂದು ಕರಿ ಪಟ್ಟಿ ಕಟ್ಟಿದರು. ಯಾರ ಕೈ ಎಷ್ಟು ಚುರುಕು ಎಂಬ ಸುದ್ದಿ ಆ ಪಟ್ಟಿಯಿಂದ ಸೀದಾ ಕಂಪ್ಯೂಟರಿಗೆ.

"ಅದರಾಗ ನಾವು ಉಚ್ಚಿಗೆ ಹೋಗ್ತೇವೇನ್ರಿ?" ಎಂದು ಮಿನಾಜ ಕೇಳಿದಳು. ನಮ್ಮಲ್ಲೆಲ್ಲ ಚುರುಕು ಕೈ ಅವಳದೇ, ಚುರುಕು ಬಾಯಿಯೂ ಅವಳದೇ. ನಾವು ಕಿಸಕ್ಕನೆ ನಕ್ಕೆವು. ಇಂಜಿನಿಯರೂ ನಕ್ಕ.

"ನಗ್ರಿ, ನಗ್ರಿ," ಎಂದ ರಾಜಾರಾಮ. "ಯಾಕಿ ಕೈ ಸಾವಕಾಶ ಅಂತ ಪಟ್ಟಿ ತೋರಸ್ತೈತೋ, ಆಕಿ ಮನಿಗೆ."

ನಗು ನಿಂತಿತು. ಎಲ್ಲರೂ ರೇಣವ್ವನ ಬೆರಳು ನೋಡಿದೆವು. ಅವಳು ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲೇ ಮಿನಾಜ ರೇಣವ್ವನ ಕೈಯ ಪಟ್ಟಿ ಬಿಚ್ಚಿದಳು.

"ಏನ್ ಮಾಡಾಕತ್ತಿ ಬೇ?"

"ಸುಮ್ನಿರ ಆಯಿ. ನಾ ಬಸರಿದ್ದಾಗ ನನ್ನ ಪಾಲಿಂದೂ ನೀನ ಆರಿಸಿದ್ದಿ. ಈಗ ನನ್ನ ಸರತಿ."

ಹೊಲದಲ್ಲಿ ಕೂಲಿ ಮಾಡಿ ಬಂದವರು ನಾವು. ಕಳೆ ತೆಗೆಯುವಾಗ ಒಬ್ಬಳು ಹಿಂದೆ ಬಿದ್ದರೆ, ಮುಗಿಸಿದವಳು ಹೋಗಿ ಅವಳ ಸಾಲಿಗೆ ಕೈ ಹಾಕುತ್ತಾಳೆ. ಎಲ್ಲರೂ ಕೂಡಿ ಬದು ಮುಟ್ಟಬೇಕು. ಒಬ್ಬಳನ್ನು ಸಾಲಿನಲ್ಲಿ ಬಿಟ್ಟು ಬದುವಿನ ಮೇಲೆ ಕೂತು ನೀರು ಕುಡಿಯುವವಳ ಜೊತೆ ನಮ್ಮ ಕಡೆ ಮರುದಿನ ಯಾರೂ ಮಾತಾಡುವುದಿಲ್ಲ. ರೇಣವ್ವನ ಪಟ್ಟಿ ಮಿನಾಜಳ ಎಡಗೈಗೆ, ಕೈಗವಸಿನೊಳಗೆ ಹೋಯಿತು. ಅವಳಿಗೆ ಸುಸ್ತಾದಾಗ ನನ್ನ ಕೈಗೆ ಬಂತು. ಮುದುಕಿಯನ್ನು ಉಳಿಸಬೇಕೆಂದು ಜಿದ್ದಿಗೆ ಬಿದ್ದು ಕೈ ಆಡಿಸಿದೆವು. ಅಳತೆ ಮುಗಿಯುವ ತನಕವೂ ಹಾಗೇ.

ಆಮೇಲೆ ಶೆಡ್ಡಿನ ಗೋಡೆಗೆ ದೊಡ್ಡ ಪರದೆ ಬಂತು. ಅದರಲ್ಲಿ ನೀಲಿ ಗೊಂಬೆಗಳು, ತಲೆಯ ಮೇಲೆ ನಮ್ಮ ಹೆಸರು. ಎಲ್ಲರಿಗಿಂತ ಚುರುಕಾಗಿ ಆರಿಸುತ್ತಿದ್ದ ಗೊಂಬೆ ರೇಣವ್ವನದು.

"ಕಳ್ಳ ಮುದುಕಿ! ಇಷ್ಟ ದಿನಾ ಸೋಗ ಹಾಕಿದ್ದಿ ಹೌದಿಲ್ಲೋ? ಕಂಪ್ಯೂಟರ ನಿನ್ನ ಬಣ್ಣಾ ಬಯಲ ಮಾಡ್ತು," ಎಂದ ರಾಜಾರಾಮ.

ಬೆಲ್ಟಿನ ಓಟ ಹೆಚ್ಚಿಸಿದರು. ರೇಣವ್ವನನ್ನು ಸಾಲಿನ ಕೊನೆಗೆ, ಉರುಳಿಯ ಪಕ್ಕಕ್ಕೆ ನಿಲ್ಲಿಸಿದರು. ನಾವು ಬಿಟ್ಟ ಕಸವನ್ನೆಲ್ಲ ಅವಳು ಹಿಡಿಯಬೇಕು. ಕೈ ಸಿಗದಂತೆ ಉರುಳಿಗೆ ಅಡ್ಡಲಾಗಿದ್ದ ಕಬ್ಬಿಣದ ಜಾಳಿಗೆಯನ್ನೂ ಬಿಚ್ಚಿದರು. ದ್ರಾಕ್ಷಿ ಅದಕ್ಕೆ ಅಂಟಿ ಬೆಲ್ಟು ನಿಲ್ಲುತ್ತದಂತೆ. ಪರದೆಯಲ್ಲಿ ಯಾವ ಗೊಂಬೆಯ ಕೈಯೂ ಅತ್ತ ಹೋಗುವುದಿಲ್ಲವಂತೆ.

"ನಂಗ ನೀಗೂದಿಲ್ರಿ ಯಪ್ಪಾ. ಮದಲಿನ ಜಾಗಾದಾಗ ನಿಲ್ಲಸ್ರಿ," ಎಂದು ರೇಣವ್ವ ಕೈ ಮುಗಿದಳು.

"ನೀಗತೈತಿ ಅಂತ ಅಲ್ಲಿ ಕಾಣಾಕತ್ತೈತಿ. ನೀಗೂದಿಲ್ಲ ಅನ್ನಾಕಿ ನೀ ಯಾಕಿ?"

ಪಟ್ಟಿಯ ವಿಷಯ ಬಾಯಿ ಬಿಟ್ಟರೆ ಅವಳ ಕೆಲಸ ಹೋಗುತ್ತದೆಂದು ನಾವು ತುಟಿ ಕಚ್ಚಿಕೊಂಡೆವು. ಮೂರನೆಯ ದಿನ ಒಂದು ಹರಳು ಅವಳನ್ನು ದಾಟಿತು. ಅವಳು ಕೈ ಚಾಚಿದಳು. ಉರುಳಿ ಬೆರಳು ಹಿಡಿಯಿತು, ಅಂಗೈ ಹಿಡಿಯಿತು. ನಾನು ಓಡಿಹೋಗಿ ಬೆಲ್ಟು ನಿಲ್ಲಿಸುವ ಗುಂಡಿ ಒತ್ತುವಷ್ಟರಲ್ಲಿ ತುದಿಯ ಡಬ್ಬಿಯೊಳಗಿನ ದ್ರಾಕ್ಷಿ ಕೆಂಪಾಗಿತ್ತು.

ವಿಜಯಪುರದ ಆಸ್ಪತ್ರೆಯಲ್ಲಿ ಅವಳ ಬಲಗೈ ಮಣಿಕಟ್ಟಿನ ತನಕ ತೆಗೆದರು. ನೋಡಲು ಹೋದರೆ ಗೋಡೆಯ ಕಡೆ ಹೊರಳಿಕೊಂಡಳು. "ಮಿನಾಜಗ ಏನೂ ಅನಬ್ಯಾಡ ವಿಶಾಖಾ," ಎಂದಳು ನನಗೆ. "ಆಕಿ ಕೂಸಿನ್ನ ಸಣ್ಣದು."

ಕಾರ್ಖಾನೆಯವರು ಕೈ ಝಾಡಿಸಿಕೊಂಡರು. ಕಂಪ್ಯೂಟರಿನ ಪ್ರಕಾರ ಹಾಗಾಗುವುದೇ ಸಾಧ್ಯವಿಲ್ಲ, ತಪ್ಪು ಅವಳದೇ ಎಂದರು. ಮಿನಾಜಳಿಗೆ ತಡೆಯಲಾಗಲಿಲ್ಲ.

"ಆ ಪಟ್ಟಿ ಕಟಗೊಂಡಾಕಿ ನಾನ್ರಿ. ಅದು ಆಯಿ ಕೈ ಅಲ್ಲ, ನನ್ನ ಕೈ. ಜಾಳಿಗಿ ಬಿಚ್ಚಿದವ್ರು ನೀವು."

ರಾಜಾರಾಮ ಹಲ್ಲು ಕಿರಿದ.

"ಹಂಗಾರ ಮುದುಕಿ ಕೈ ತಿಂದಾಕಿ ನೀನ ಅಂದಂಗಾತು. ಹೊರಗ ಹೇಳಿದ್ರ ಪೊಲೀಸರ ಕೈಯಾಗ ಕೊಡ್ತೇನಿ, ರಂಡೆ. ನಾಳಿ ಪರದೆ ನೋಡಾಕ ಮುಂಬೈದಿಂದ ಮಂದಿ ಬರ್ತಾರ. ಮುದುಕಿ ಜಾಗಾದಾಗ ನೀ ನಿಂದ್ರ."

ಮರುದಿನ ಬಂದವರು ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಪರದೆಯ ಮುಂದೆ ನಿಂತರು. ಅದರಲ್ಲಿ ರೇಣವ್ವ ಇನ್ನೂ ಕೆಲಸ ಮಾಡುತ್ತಿದ್ದಳು. ಎರಡು ಕೈ. ತೆಗೆದುಹಾಕಲು ಯಾರಿಗೂ ನೆನಪಾಗಿರಲಿಲ್ಲ. ಬೆಲ್ಟು ಹೊರಟಿತು.

ಮಿನಾಜ ಕೊನೆಯ ಜಾಗಕ್ಕೆ ಹೋಗಿ ನಿಂತು, ಕೈಗವಸು ಕಳಚಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಏ, ಆರಸ!"

"ಆಯಿ ನಿಂತಾಳಲ್ರಿ ಅಲ್ಲಿ," ಎಂದಳು ಪರದೆಯ ಕಡೆ ಗದ್ದ ಎತ್ತಿ. "ಆಕಿ ಕಡೀಂದನ ಆರಸಕೋರಿ."

ನಾನೂ ಕೈ ಹಿಂದಕ್ಕೆ ಕಟ್ಟಿದೆ. ನನ್ನ ಪಕ್ಕದ ಮಾಬುಬಿ ಕಟ್ಟಿದಳು. ಸಾಲು ಪೂರ್ತಿ ಕಟ್ಟಿತು. ಕಡ್ಡಿ, ಹರಳು ಎಲ್ಲ ನಮ್ಮೆದುರೇ ಹರಿದು ಡಬ್ಬಿಗೆ ಬೀಳತೊಡಗಿದವು. ಪರದೆಯಲ್ಲಿ ದ್ರಾಕ್ಷಿ ಚೊಕ್ಕಟವಾಗಿತ್ತು.

"ರಂಡೇರಾ, ಮರ್ಯಾದಿ ತಗೀತೀರಿ!" ಎಂದು ಹಲ್ಲು ಕಡಿಯುತ್ತ ರಾಜಾರಾಮ ಮಿನಾಜಳನ್ನು ದಬ್ಬಿ ತಾನೇ ಬೆಲ್ಟಿಗೆ ಬಗ್ಗಿದ. ಅತಿಥಿಗಳು ಇತ್ತ ತಿರುಗಿದರು. ಒಂದು ಹರಳು ಅವನನ್ನು ದಾಟಿ ಜಾಳಿಗೆಯಿಲ್ಲದ ಉರುಳಿಯ ಕಡೆ ಓಡಿತು. ಅವನು ಕೈ ಚಾಚಿದ. ಅರ್ಧಕ್ಕೇ ನಿಂತ. ನಂತರ ಆ ಕೈಯನ್ನು ಎಳೆದುಕೊಂಡು ಎದೆಗೆ ಒತ್ತಿ ಹಿಡಿದ.

ನಾವು ಯಾರೂ ಕಟ್ಟಿದ ಕೈ ಬಿಚ್ಚಲಿಲ್ಲ. ಗೋಡೆಯ ಮೇಲೆ ರೇಣವ್ವ ಆರಿಸುತ್ತಲೇ ಇದ್ದಳು.