ಸಾಕ್ಷಿ ಹೇಳಿದ ಮರುದಿನ

"ಹೆತ್ತಿಲ್ಲ, ಹೊತ್ತಿಲ್ಲ, ನಿಂಗ್ಯಾಕೆ ಇಷ್ಟೊಂದು ನೀರು? ಯಾರ ಬಟ್ಟೆ ಒಗೀಬೇಕು ನೀನು?"

ಮಾತು ಬಾಯಿಂದ ಬಿದ್ದ ಮೇಲೆ ತಾನೇನು ಅಂದೆ ಎನ್ನುವುದು ಎಸ್ತೇರಮ್ಮನಿಗೆ ತಿಳಿಯಿತು. ರಾಜಾಜಿನಗರದ ಹೊಸ ಮನೆಗಳಿಗೆ ಪೈಪು ಬಂದಿತ್ತೇ ಹೊರತು ಮಾಗಡಿ ರಸ್ತೆಯ ಈ ವಠಾರಕ್ಕೆ ಬೀದಿ ನಲ್ಲಿಯೊಂದೇ ಗತಿ. ಪಕ್ಕದ ಮನೆಯ ಹನುಮಕ್ಕ ಸಾಲಿನಲ್ಲಿ ಎಸ್ತೇರಮ್ಮನ ಬಿಂದಿಗೆಯನ್ನು ಹಿಂದಕ್ಕೆ ಸರಿಸಿದಳೆಂದು ಶುರುವಾದ ಜಗಳ, ಅಷ್ಟೇ. ಮದುವೆಯಾಗಿ ಎಷ್ಟೋ ವರ್ಷವಾದರೂ ಮಡಿಲು ತುಂಬದ ಹನುಮಕ್ಕ, ಅರ್ಧ ತುಂಬಿದ ಕೊಡವನ್ನೇ ಸೊಂಟಕ್ಕೇರಿಸಿಕೊಂಡು ಹೊರಟುಹೋದಳು. ಅವಳು ತಿರುಗಿ ಬೈದಿದ್ದರೂ ಎಸ್ತೇರಮ್ಮನಿಗೆ ವಾಸಿಯಿತ್ತು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೇ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಹಾಗನ್ನುವುದಕ್ಕೆ ಕಾರಣವೂ ಇತ್ತು. ಹಿಂದಿನ ಸಂಜೆ ತಾನೆ ಚರ್ಚಿನ ಸಭೆಯವರ ಮನೆ ಪ್ರಾರ್ಥನೆಯ ಸರದಿ ಎಸ್ತೇರಮ್ಮನ ಮನೆಗೆ ಬಂದಿತ್ತು. ವಠಾರದಲ್ಲಿ ಕ್ರೈಸ್ತರದು ಅದೊಂದೇ ಮನೆ. ಹಾಡು ಮುಗಿದು, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದಕ್ಕೆ ಯಾರಾದರೂ ಸಾಕ್ಷಿ ಹೇಳುವುದಿದ್ದರೆ ಹೇಳಿ ಎಂದು ಉಪದೇಶಿ ಅಯ್ಯನವರು ಕೇಳಿದಾಗ ಅವಳೇ ಎದ್ದು ನಿಂತಿದ್ದಳು. ಕರ್ತನು ತನ್ನ ಕೋಪವನ್ನು ಬೇರುಸಹಿತ ಕಿತ್ತುಹಾಕಿದನೆಂದೂ, ಈಗ ತನ್ನ ನಾಲಗೆ ಆತನ ಕೈಯಲ್ಲಿದೆಯೆಂದೂ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದಳು. ಹಾಡು ಕೇಳಲು ಬಂದು ಕಿಟಕಿಗೆ ಆತುಕೊಂಡಿದ್ದ ಹೆಂಗಸರಿಗೂ ಅದು ಕೇಳಿಸಿತ್ತು. ಅವರ ನಡುವೆ ಹನುಮಕ್ಕನೂ ಇದ್ದಳು. ಎಸ್ತೇರಮ್ಮ ಸುಳ್ಳೇನೂ ಹೇಳಿರಲಿಲ್ಲ ಪಾಪ, ಆ ಹೊತ್ತಿಗೆ ಅವಳಿಗೆ ಅದು ನಿಜವೇ ಆಗಿತ್ತು.

ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ಮೊಣಕಾಲೂರಿದಳು. ದೇವರಲ್ಲಿ ಕ್ಷಮೆ ಬೇಡುವುದು ಅವಳಿಗೆ ರೂಢಿ. ದೀಕ್ಷಾಸ್ನಾನವಾದಂದಿನಿಂದ ಪ್ರತಿ ಜಗಳದ ಮೇಲೂ ಬೇಡಿಕೊಂಡೇ ಬಂದಿದ್ದಳು, ಪ್ರತಿ ಸಲವೂ ಎದ್ದಾಗ ಎದೆ ಹಗುರವಾಗುತ್ತಿತ್ತು. ಈ ಸಲ ಆಗಲಿಲ್ಲ. ಗೋಡೆಯಾಚೆ ಹನುಮಕ್ಕನ ಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ. ಎಸ್ತೇರಮ್ಮನಿಗೆ ನಾಚಿಕೆಯಿಂದ ಒಲೆ ಹಚ್ಚುವುದಕ್ಕೂ ಮನಸ್ಸು ಬರಲಿಲ್ಲ.

ಮಧ್ಯಾಹ್ನ ಉಪದೇಶಿ ಅಯ್ಯನವರು ಪ್ರಾರ್ಥನೆಗೆಂದು ತಂದಿದ್ದ ಜಮಖಾನ ಒಯ್ಯಲು ಸೈಕಲ್ಲಿನಲ್ಲಿ ಬಂದರು. ಅವಳು ನಡೆದದ್ದನ್ನೆಲ್ಲ ಹೇಳಿ, ಬರುವ ಭಾನುವಾರ ಸಭೆಯ ಮುಂದೆ ನಿಂತು ತನ್ನ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದಳು. ಅಯ್ಯನವರು ಜಮಖಾನ ಸುತ್ತುತ್ತಲೇ ಕೇಳಿಸಿಕೊಂಡರು.

"ಸಭೆ ಮುಂದೆ ಅಳೋದು ಸುಲಭ ಕಣಮ್ಮ," ಎಂದರು. "ಹನುಮಕ್ಕನ ಮುಂದೆ ಹೋಗಿ ನಿಂತ್ಕೊ."

ಒಂದು ಸಮಾಧಾನದ ಮಾತು ಕೂಡ ಆಡದೆ ಹೋದರಲ್ಲ ಎಂದು ಅವಳಿಗೆ ಮುನಿಸು ಬಂತು. ಮುನಿಸು ಇಳಿಯುವವರೆಗೂ ಕೂತಿದ್ದು, ಮುಖ ತೊಳೆದುಕೊಂಡು ಹೊರಟಳು. ನಡುವೆ ಇದ್ದದ್ದು ಒಂದೇ ಗೋಡೆ.

ಹನುಮಕ್ಕ ಹೊಸ್ತಿಲೊಳಗೆ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಯಾರು ಬಂದರೆಂದು ಗೊತ್ತಾದರೂ ತಲೆ ಎತ್ತಲಿಲ್ಲ.

"ತಪ್ಪಾಯ್ತು ಹನುಮಕ್ಕ," ಎಂದಳು ಎಸ್ತೇರಮ್ಮ. "ಆ ಮಾತು ನನ್ನ ಬಾಯಲ್ಲಿ ಬರಬಾರ್ದಾಗಿತ್ತು."

ಹನುಮಕ್ಕ ಕಲ್ಲೊಂದನ್ನು ಹೆಕ್ಕಿ ಹೊರಗೆ ಹಾಕಿದಳು.

"ಹೋದ ವರ್ಷ ಯುಗಾದಿ ಹಿಂದಿನ ದಿನಾನೂ ಇದೇ ಮಾತು ಅಂದಿದ್ರಿ. ಆಗ ನೀವು ಬರಲಿಲ್ಲ."

ಎಸ್ತೇರಮ್ಮನಿಗೆ ಅದು ನೆನಪೇ ಇರಲಿಲ್ಲ. ಎಷ್ಟು ತಡಕಿದರೂ ಆ ಜಗಳವಾಗಲಿ, ಆ ಮಾತಾಗಲಿ ಸಿಕ್ಕಲಿಲ್ಲ. ಅಷ್ಟೂ ಪ್ರಾರ್ಥನೆಗಳಲ್ಲಿ ಒಮ್ಮೆಯೂ ಅದಕ್ಕೆ ಕ್ಷಮೆ ಕೇಳಿರಲಿಲ್ಲ. ಅವಳಿಗೆ ನೆನಪಿದ್ದದ್ದು ಹಬ್ಬದ ದಿನ ಬಾಳೆಲೆ ಮುಚ್ಚಿಕೊಂಡು ಇದೇ ಮನೆಯಿಂದ ಬಂದ ಒಬ್ಬಟ್ಟು. ಮಕ್ಕಳ ಜೊತೆ ಕೂತು ತುಪ್ಪ ಹಾಕಿಕೊಂಡು ತಿಂದಿದ್ದಳು.



ಹನುಮಕ್ಕ ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಿಕೊಳ್ಳಲಿಲ್ಲ. ಮೊರ ಕೇರುತ್ತ, ಕಲ್ಲು ಆರಿಸುತ್ತ ಕೂತೇ ಇದ್ದಳು. ಎಸ್ತೇರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೊಸ್ತಿಲಾಚೆ ಬಿಸಿಲಿನಲ್ಲಿ ನಿಂತಿದ್ದಳು.